ಗುರುತು ಹೇಳುವ ತಳವಾರ

ಕೂಡ್ಲಿಗಿ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತೆಂಬ ಸುದ್ದಿ ಬಂದ ದಿನ ನಮ್ಮ ದೊಡ್ಡಪ್ಪ ಊಟ ಬಿಟ್ಟರು. ಟಿಕೆಟ್ ಈ ಸಲ ತಮಗೇ ಎಂದು ಖಾದಿ ಜುಬ್ಬಾ ಹೊಲಿಸಿಟ್ಟಿದ್ದರು. ಹಿಂದಿನ ಚುನಾವಣೆಗೂ ಹೊಲಿಸಿದ್ದರು. ಆಗ ತಡೆದದ್ದು ಪಕ್ಷ, ಈಗ ಕಾನೂನು. ಕಾನೂನನ್ನು ಬೈಯುವುದು ಸುಲಭವಾದ್ದರಿಂದ ಮೂರನೆಯ ದಿನ ಊಟ ಶುರುವಾಯಿತು.

ಟಿಕೆಟ್ ಸಿಗದಿದ್ದರೂ ಕಾನಹೊಸಹಳ್ಳಿ ಕಡೆಯ ನಮ್ಮೂರ ವೋಟೆಲ್ಲ ಅವರ ಕಿಸೆಯಲ್ಲಿವೆ ಎಂಬ ಮಾತಿತ್ತು. ಅಭ್ಯರ್ಥಿಗಳು ನಮ್ಮ ಕಟ್ಟೆಗೆ ಕೈಮುಗಿದೇ ಮುಂದೆ ಹೋಗುತ್ತಿದ್ದರು. ಮತದಾನದ ಹಿಂದಿನ ಸಂಜೆ ದೊಡ್ಡಪ್ಪ ತಳವಾರನನ್ನು ಕರೆದು ಒಂದು ಗುರುತಿನ ಹೆಸರು ಹೇಳುವರು. ಜನರನ್ನು ಚಾವಡಿಗೆ ಕರೆಯುವುದು, ಊರ ಸುದ್ದಿ ಮುಟ್ಟಿಸುವುದು ಅವನ ಮನೆತನದ ಕೆಲಸ. ಅವನು ಮನೆಮನೆಯ ಹೊಸ್ತಿಲಲ್ಲಿ ನಿಂತು ಆ ಗುರುತು ಹೇಳಿ ಬರುವನು. ದೊಡ್ಡಪ್ಪ ಮಾತ್ರ ವೋಟು ಕೇಳಲು ಕಟ್ಟೆಯಿಂದ ಇಳಿದದ್ದಿಲ್ಲ.

ಆ ವರ್ಷ ಊರ ಹಿರಿಯರಿಗೆಲ್ಲ ಪರಿಶಿಷ್ಟ ಪಂಗಡದ ನಾಯಕರ ಕೇರಿಯ ದಾರಿ ಒಮ್ಮೆಲೇ ನೆನಪಾಯಿತು. ನಿನ್ನೆವರೆಗೆ ‘ಏ’ ಅನ್ನಿಸಿಕೊಂಡವರೆಲ್ಲ ‘ಬರ್ರಿ’ ಆದರು. ದೊಡ್ಡಪ್ಪ ದೂರ ಹುಡುಕಲಿಲ್ಲ. ತಳವಾರ ನಾಯಕರವನು, ಹೇಳಿದ್ದಕ್ಕೆ ಹೂಂ ಅನ್ನುವವನು. ಅವನನ್ನು ಪಕ್ಷೇತರನಾಗಿ ನಿಲ್ಲಿಸಬೇಕು, ದೊಡ್ಡ ಅಭ್ಯರ್ಥಿ ಬಂದು ಗೋಗರೆದಾಗ ವಾಪಸು ತೆಗೆಸಬೇಕು, ಕಟ್ಟೆಯ ಗತ್ತು ಉಳಿಯಬೇಕು. ದೊಡ್ಡವ್ವ ಒಂದು ಜುಬ್ಬಾದ ತೋಳು ಕತ್ತರಿಸಿ ಅವನ ಅಳತೆಗೆ ತಂದಳು.

ಅಭ್ಯರ್ಥಿ ಬಂದರು, ಗೋಗರೆದರು, ದೊಡ್ಡಪ್ಪ ಮಾತು ಕೊಟ್ಟರು. ವಾಪಸಾತಿಯ ಕಡೆಯ ದಿನ ದೊಡ್ಡಪ್ಪ, ತಳವಾರ, ನಾನು ಮೂವರೂ ತಾಲ್ಲೂಕು ಕಚೇರಿಯ ಬೇವಿನ ಗಿಡದ ಕೆಳಗಿದ್ದೆವು. ಅರ್ಜಿಗೆ ತಳವಾರನೇ ಸಹಿ ಹಾಕಬೇಕಿತ್ತು.

“ಲಗೂನ ಸಹಿ ಮಾಡಲೇ, ಮೂರಾಗಾಕ ಬಂತು,” ಅಂದರು ದೊಡ್ಡಪ್ಪ.

“ಗೌಡ್ರ, ಮಷೀನಿನ ಮ್ಯಾಲ ನನ್ನ ಹೆಸರು ಬರತೈತಂತ. ನನ್ನ ಹೇಣ್ತಿ ಅದನ್ನ ಒತ್ತಬೇಕಂತ ಕುಂತಾಳ್ರಿ.”

“ಆಕಿ ಒಬ್ಬಾಕಿ ಒತ್ತಿದ್ರ ಗೆಲ್ತೀಯೇನು?”

“ಗೆಲ್ಲಾಕಲ್ರಿ. ಇಷ್ಟು ವರ್ಷ ಮಂದಿ ಗುರುತು ಹೇಳೀನಿ. ಒಮ್ಮಿ ನಂದು ಹೇಳ್ತೀನಿ.”

ಮೂರು ಹೊಡೆಯಿತು. ಅವನಿಗೆ ಹೊಲಿಗೆ ಯಂತ್ರದ ಗುರುತು ಸಿಕ್ಕಿತು.

ಮತದಾನದ ಹಿಂದಿನ ಸಂಜೆ ತಳವಾರ ಎಂದಿನಂತೆ ಎಲ್ಲ ಹೊಸ್ತಿಲುಗಳಿಗೂ ಹೋದ. ತಾನೇ ನಿಂತಿರುವುದನ್ನು ಮುಚ್ಚಿಡಲಿಲ್ಲ. ನಮ್ಮ ಮನೆಗೂ ಬಂದು ದೊಡ್ಡವ್ವನಿಗೆ ಹೇಳಿದ. ದೊಡ್ಡಪ್ಪ ಒಳಗೇ ಕೂತು ಕೆಮ್ಮಿದರು. ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ, ಆ ವಯಸ್ಸಿನಲ್ಲಿ ಮೊದಲ ಸಲ ವೋಟು ಕೇಳಲು ಕಟ್ಟೆ ಇಳಿದು ಆ ಅಭ್ಯರ್ಥಿಯ ಗುರುತು ಹೇಳಲು ಹೊರಟರು. ಜೊತೆಗೆ ನಾನು. ಮೂರನೇ ಮನೆಯ ಅಜ್ಜಿ ಕೂತಲ್ಲಿಂದಲೇ ಹೇಳಿದಳು:

“ತಳವಾರ ಆಗ್ಲೇ ಹೇಳಿ ಹೋದ್ನಲ್ರಿ ಗೌಡ್ರ. ನೀವ್ಯಾಕ ಬರಾಕ ಹೋದ್ರಿ?”

ನಾಲ್ಕನೇ ಮನೆಗೆ ನಾವು ಹೋಗಲಿಲ್ಲ.

ಕ್ಷೇತ್ರದಲ್ಲಿ ತಳವಾರನ ಠೇವಣಿ ಹೋಯಿತು. ಸೋತುಗೆದ್ದವರ ಚರಿತ್ರೆಯಲ್ಲಿ ಅವನು ‘ಇತರರು’ ಎಂಬ ಸಾಲಿನಲ್ಲಿದ್ದಾನೆ. ಆದರೆ ನಮ್ಮೂರ ಮತಗಟ್ಟೆಯಲ್ಲಿ ಅವನೇ ಮುಂದಿದ್ದ. ಇಷ್ಟು ವರ್ಷ ಜನ ನಂಬಿದ್ದು ಹೊಸ್ತಿಲಿಗೆ ಬಂದವನನ್ನು, ಕಟ್ಟೆಯ ಮೇಲಿದ್ದವರನ್ನಲ್ಲ.

ಮರುವರ್ಷ ಲೋಕಸಭೆ ಚುನಾವಣೆಗೆ ಜೀಪೊಂದು ನಮ್ಮ ಕಟ್ಟೆಯೆದುರು ನಿಂತಿತು. ದೊಡ್ಡಪ್ಪ ಹೆಗಲ ವಸ್ತ್ರ ಸರಿಮಾಡಿಕೊಂಡು ಐದು ಚಹಾ ತರಲು ಒಳಗೆ ಕೂಗಿದರು. ಜೀಪಿನಲ್ಲಿದ್ದವರು ಇಳಿಯದೆಯೇ ತಳವಾರನ ಮನೆ ಯಾವ ಓಣಿಯೆಂದು ಕೇಳಿದರು. ದೊಡ್ಡಪ್ಪ ಕೈ ಎತ್ತಿ ತೋರಿಸಿದರು.

ಚಹಾ ನಾವಿಬ್ಬರೇ ಕುಡಿದೆವು.