ಎಣ್ಣೆ ಹಾಕಿದ್ಯಾ?

ಈ ಮಾತನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಕೂತು, ಹೇಳದೆ ಎದ್ದಿದ್ದೇನೆ. ಮಕ್ಕಳ ಮದುವೆ ಆಗಲಿ ಎಂದುಕೊಂಡೆ. ಆಮೇಲೆ ಅಂಗಡಿ ಮುಚ್ಚಿದ ಮೇಲೆ ನೋಡೋಣ ಎಂದುಕೊಂಡೆ. ಅಂಗಡಿಯೂ ಮುಚ್ಚಿತು. ನೆಪಗಳು ಖರ್ಚಾದವು, ಮಾತು ಮಾತ್ರ ಹಾಗೇ ಉಳಿಯಿತು.

ಹೋದ ತಿಂಗಳು ಒಂದು ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ದಾವಣಗೆರೆ ವಿದ್ಯಾನಗರದ ನಮ್ಮ ಪಕ್ಕದ ಮನೆಯಲ್ಲಿ ಕಾಲೇಜಿನ ಉಪನ್ಯಾಸಕರೊಬ್ಬರಿದ್ದಾರೆ. ತಂದೆ ಓಡಿಸುತ್ತಿದ್ದ ಹಳೇ ಸ್ಕೂಟರನ್ನು ಬಿಚ್ಚಿಸಿ, ಬಣ್ಣ ಹೊಡೆಸಿ, ಅವತ್ತು ಬೆಳಿಗ್ಗೆ ಮೊದಲ ಸಲ ಒದ್ದು ಸ್ಟಾರ್ಟ್ ಮಾಡಿದರು. ರಸ್ತೆಯ ತುಂಬ ನೀಲಿ ಹೊಗೆ. ಈಗಿನ ಗಾಡಿಗಳಿಗೆ ಆ ಹೊಗೆ ಇಲ್ಲ. ಆ ಕಾಲದ ಎಂಜಿನ್ನುಗಳಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕಿತ್ತು. ಆ ಎಣ್ಣೆ ಸುಟ್ಟ ವಾಸನೆ ಅದು.

ನಾನು ಸ್ಕೂಟರ್ ಬಿಡಿಭಾಗಗಳ ಅಂಗಡಿ ನಡೆಸಿದವನೆಂದು ಅವರಿಗೆ ಗೊತ್ತು. "ಎಣ್ಣೆ ಜಾಸ್ತಿ ಆಗೈತೇನ್ರಿ?" ಎಂದು ಕೇಳಿದರು.

"ಜಾಸ್ತಿ ಆದ್ರೆ ಬರೀ ಹೊಗೆ ಸರ್, ಏನೂ ಆಗಲ್ಲ," ಎಂದೆ.

ಕಡಿಮೆ ಆದರೆ ಏನಾಗುತ್ತದೆ ಎಂದು ಅವರು ಕೇಳಲಿಲ್ಲ. ನಾನು ಗೇಟು ಹಿಡಿದುಕೊಂಡು ಹೊಗೆ ಕರಗುವವರೆಗೂ ಅಲ್ಲೇ ನಿಂತಿದ್ದೆ...

ಆ ಎಂಜಿನ್ನುಗಳ ಕಾಲದಲ್ಲಿ ನನ್ನ ಅಂಗಡಿ ಹರಿಹರದಲ್ಲಿತ್ತು. ಪಕ್ಕದ ಅಂಗಡಿಯಲ್ಲಿ ಒಬ್ಬರು ಟಾರ್ಪಾಲು ಮಾರುತ್ತಿದ್ದರು. ಲಾರಿಗಳಿಗೆ ಹೊದಿಸುವುದು, ರಾಶಿಗೆ ಮುಚ್ಚುವುದು, ಮದುವೆ ಚಪ್ಪರಕ್ಕೆ ಕಟ್ಟುವುದು, ಎಲ್ಲ ಥರದ ಹೊದಿಕೆಯೂ ಅವರಲ್ಲಿ ಸಿಗುತ್ತಿತ್ತು. ವಯಸ್ಸಿನಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ. ಪೂಜೆ ಆಗದೆ ಬಾಯಿಗೆ ನೀರು ಹಾಕುವವರಲ್ಲ. ಇಂಥ ಮನುಷ್ಯನಿಗೆ ನಲವತ್ತು ದಾಟಿದ ಮೇಲೆ ಆಕಾಶದ ಹುಚ್ಚು ಹಿಡಿಯಿತು.

ಬೆಂಗಳೂರಿನ ಹತ್ತಿರ ಹವ್ಯಾಸಕ್ಕೆ ಹಾರುವವರ ಒಂದು ಗುಂಪಿತ್ತು. ಅವರ ರೆಕ್ಕೆಯ ಬಟ್ಟೆ ಹರಿದಾಗ ಹೊಲಿಗೆ ಕೇಳಿಕೊಂಡು ಯಾರೋ ಇವರ ಬಳಿ ಬಂದಿದ್ದರು. ಬಟ್ಟೆ ಹೊಲಿದುಕೊಡಲು ಹೋದ ಅಣ್ಣ ಹಾರಲು ಕಲಿತು ಬಂದರು. ಆಮೇಲೆ ಕಚೇರಿಗಳಿಗೆ ಅಲೆದು ಅನುಮತಿ ತಂದರು. ಕೊನೆಗೊಂದು ದಿನ ಲಾರಿಯಲ್ಲಿ ಯಂತ್ರವೇ ಬಂತು. ಮೂರು ಗಾಲಿ, ಹಿಂದೊಂದು ಮುಂದೊಂದು ಎರಡು ಸೀಟು, ಬೆನ್ನಿಗೆ ಎಂಜಿನ್ನು ಮತ್ತು ಪಂಖ, ತಲೆಯ ಮೇಲೆ ಹಳದಿ ಬಟ್ಟೆಯ ತ್ರಿಕೋನದ ರೆಕ್ಕೆ. ಸದ್ದು ಥೇಟು ಆಟೋರಿಕ್ಷಾದ್ದೇ. ಊರಿನವರು ಅದಕ್ಕೆ 'ಹಾರೋ ಆಟೋ' ಎಂದು ಹೆಸರಿಟ್ಟರು. ಬಜಾರಿನಲ್ಲಿ ಅಣ್ಣನನ್ನು ಕಂಡರೆ, ದಾವಣಗೆರೆಗೆ ಎಷ್ಟು ತಗೊಂತೀರಿ, ಮೀಟರ್ ಮೇಲೆ ಬರ್ತೀರೋ ಏನು ಎಂದು ಕಿಚಾಯಿಸುತ್ತಿದ್ದರು. ಅಣ್ಣ ಮುಖ ಗಂಟಿಕ್ಕದೆ, ವಾಪಸ್ ಬಾಡಿಗೆನೂ ಕೊಡಬೇಕಾಗ್ತೈತೆ ಎನ್ನುತ್ತಿದ್ದರು.

ಕೊಂಡಜ್ಜಿಯ ಹತ್ತಿರ ಪರಿಚಯದ ರೈತರೊಬ್ಬರ ಬೀಳು ಹೊಲ ಉದ್ದಕ್ಕೆ ಸಮತಟ್ಟಾಗಿತ್ತು. ಭಾನುವಾರ ಬೆಳಿಗ್ಗೆ, ಗಾಳಿ ಏಳುವ ಮುಂಚೆ ಅಲ್ಲಿಗೆ ಹೋಗುತ್ತಿದ್ದೆವು. ರೆಕ್ಕೆ ಬಿಚ್ಚಿ ಕಟ್ಟುವುದಕ್ಕೆ ಇನ್ನೊಬ್ಬರ ಕೈ ಬೇಕು. ಆ ಕೈ ನನ್ನದು. ನನ್ನನ್ನೂ ಹಲವು ಸಲ ಮೇಲೆ ಕರೆದೊಯ್ದಿದ್ದರು. ಕೆಳಗೆ ಕೆರೆ ಹಿತ್ತಾಳೆ ತಟ್ಟೆಯ ಹಾಗೆ ಕಾಣುತ್ತಿತ್ತು. ಒಂದು ಕಡೆ ಹರಿಹರದ ಸೇತುವೆ, ಹೊಳೆ. ಇನ್ನೊಂದು ಕಡೆ ದೂರದಲ್ಲಿ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಪ್ಪು ಹೊಗೆ. ಆ ಹೊಗೆ ವಾಲಿದ ದಿಕ್ಕು ನೋಡಿ ಅಣ್ಣ ಗಾಳಿಯನ್ನು ಲೆಕ್ಕ ಹಾಕುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು ಹೊಲದ ಬದುವಿಗೆ ಬಂದು, ಎರಡು ದಿನದಿಂದ ಎಮ್ಮೆ ಸಿಕ್ಕಿಲ್ಲ, ಮ್ಯಾಲೆ ಹೋದಾಗ ಒಂದೀಟು ನೋಡ್ರಿ ಎಂದು ಕೇಳಿಕೊಂಡಳು. ಅಣ್ಣ ನಿಜವಾಗಿಯೂ ಒಂದು ಸುತ್ತು ಹೆಚ್ಚು ಹಾಕಿ, ಇಳಿದು ಬಂದು, ಕೆರೆಯಂಗಳದ ಜಾಲಿಯಲ್ಲಿ ಐತೆ ಹೋಗವ್ವ ಎಂದರು. ಎಮ್ಮೆ ಅಲ್ಲೇ ಇತ್ತು.

ಪೆಟ್ರೋಲಿಗೆ ಎಣ್ಣೆ ಬೆರೆಸುವುದು ನನ್ನ ಕೆಲಸ. ಅಂಗಡಿಯಲ್ಲಿ ಆ ಎಣ್ಣೆಯನ್ನೇ ಮಾರುವವನು, ಅಳತೆ ಗೊತ್ತಿದ್ದವನು. ಮೊದಮೊದಲು ಅಣ್ಣ ಕ್ಯಾನನ್ನು ಬೆಳಕಿಗೆ ಎತ್ತಿ, ಪೆಟ್ರೋಲಿನ ಬಣ್ಣ ತಿರುಗಿದೆಯೇ ಎಂದು ನೋಡುತ್ತಿದ್ದರು. ನಂಬಿಕೆ ಬಲಿತ ಮೇಲೆ ನೋಡುವುದನ್ನು ಬಿಟ್ಟರು. ಸೀಟಿನಲ್ಲಿ ಕೂತು ಬೆಲ್ಟು ಕಟ್ಟಿಕೊಳ್ಳುತ್ತಾ ಕೇಳುತ್ತಿದ್ದರು.

"ಎಣ್ಣೆ ಹಾಕಿದ್ಯಾ?"

"ಹಾಕೀನಣ್ಣ."

ಅಷ್ಟೇ. ಗುಡಿಯ ಗಂಟೆ ಬಾರಿಸಿದ ಹಾಗೆ ಪ್ರತಿ ಸಲವೂ ಈ ಎರಡು ಮಾತು ಆಗಲೇಬೇಕು. ಎಣ್ಣೆ ಎಂದರೆ ನಮ್ಮ ಕಡೆ ಇನ್ನೊಂದೂ ಇದೆಯಲ್ಲ. ಕೇಳಿದವರು ನಗುತ್ತಿದ್ದರು. "ಕುಡಿಯೋದು ನನ್ನ ಎಂಜಿನ್ ಒಂದೇ," ಎಂದು ಅಣ್ಣನೂ ನಗುತ್ತಿದ್ದರು.

ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಅತ್ತಿಗೆಗೆ ಈ ಹಾರಾಟವೆಂದರೆ ಭಯ. ಜೊತೆಗೆ ಒಳಗೊಳಗೇ ಆಸೆಯೂ ಇತ್ತು. ಹಳದಿ ರೆಕ್ಕೆಗೆ ಅಂಚು ಹೊಲಿಯುವಾಗ ಬಟ್ಟೆ ಹಿಡಿದು ಕೂತವರು ಅವರೇ. ಬಹಳ ದಿನ ಪುಸಲಾಯಿಸಿದ ಮೇಲೆ ಒಮ್ಮೆ ಒಪ್ಪಿದರು. ಆದರೆ ತವರಿನವರ ಒಪ್ಪಿಗೆ ಬೇಕೆಂದರು. ಆ ಭಾನುವಾರ ದಾವಣಗೆರೆಯಿಂದ ಅಕ್ಕಿ ಗಿರಣಿಯ ಸಾವ್ಕಾರರಾದ ಅವರ ತಮ್ಮ ಮನೆಮಂದಿಯನ್ನೆಲ್ಲ ಕಾರಿನಲ್ಲಿ ಕರೆದುಕೊಂಡು ಬಂದರು. ಮೊದಲು ಅಣ್ಣ ಒಬ್ಬರೇ ಒಂದು ಸುತ್ತು ಹಾಕಿ ತೋರಿಸುವುದು, ಅವರ ಭಯ ಹೋದ ಮೇಲೆ ಅತ್ತಿಗೆಯನ್ನು ಕೂರಿಸಿಕೊಳ್ಳುವುದು ಎಂದು ಮಾತಾಯಿತು. ಅತ್ತಿಗೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ತಯಾರಾಗಿ ನಿಂತಿದ್ದರು.

ಅವತ್ತು ನನ್ನ ತಲೆ ನೆಟ್ಟಗಿರಲಿಲ್ಲ. ಎಸ್ಸೆಸ್ಸೆಲ್ಸಿ ಓದಿ ಸ್ಪಾರ್ಕ್ ಪ್ಲಗ್ಗು ಮಾರುವ ನನ್ನಂಥವನ ಮಾತನ್ನು ಗಿರಣಿ ಸಾವ್ಕಾರರು ಕಿವಿಗೊಟ್ಟು ಕೇಳುತ್ತಿದ್ದರು. ಪಂಖದ ಮೇಲೆ ಕೈಯಿಟ್ಟುಕೊಂಡು, ನಾವು ಹೀಗೆ ಏರಿಸ್ತೀವಿ, ನಾವು ಹಾಗೆ ಇಳಿಸ್ತೀವಿ ಎಂದು ಯಂತ್ರ ನನ್ನದೇ ಎನ್ನುವ ಹಾಗೆ ಹೇಳುತ್ತಾ ಹೋದೆ. ಮಾತಿನ ಮಧ್ಯೆಯೇ ಕ್ಯಾನು ತಂದು ಟ್ಯಾಂಕಿಗೆ ಸುರಿದೆ. ಸುರಿಯುವಾಗಲೂ ಮಾತಾಡುತ್ತಿದ್ದೆ.

"ಎಣ್ಣೆ ಹಾಕಿದ್ಯಾ?" ಎಂದು ಅಣ್ಣ ಕೇಳಿದರು.

"ಹಾಕೀನಣ್ಣ," ಎಂದೆ. ಅವರ ಕಡೆ ತಿರುಗಿಯೂ ನೋಡಲಿಲ್ಲ.

ಚೆನ್ನಾಗಿಯೇ ಏರಿತು. ಕೆರೆಯ ಮೇಲೆ ಒಂದು ಸುತ್ತು ಬಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಎರಡನೇ ಸುತ್ತಿನಲ್ಲಿ ಎಂಜಿನ್ನಿನ ಸದ್ದು ಕೀರಲಾಯಿತು, ಆಮೇಲೆ ಒಮ್ಮೆಲೇ ನಿಂತಿತು. ಅಷ್ಟೊಂದು ಜನರಿದ್ದ ಹೊಲದಲ್ಲಿ ಆ ಮೌನ... ಈಗಲೂ ಮನೆಯಲ್ಲಿ ಮಿಕ್ಸಿ ತಟ್ಟನೆ ನಿಂತರೆ ನನ್ನ ಎದೆ ಹಾರುತ್ತದೆ. ಎಂಜಿನ್ನು ನಿಂತರೂ ಆ ಯಂತ್ರ ಕಲ್ಲಿನಂತೆ ಬೀಳುವುದಿಲ್ಲ, ರೆಕ್ಕೆಯ ಮೇಲೆ ತೇಲಿ ಇಳಿಯುತ್ತದೆ. ಅಣ್ಣ ಗಾಬರಿಯಾಗದೆ ಇಳಿಸಿದರು. ನಮ್ಮ ಹೊಲ ಮುಟ್ಟುವಷ್ಟು ಎತ್ತರವಿರಲಿಲ್ಲ. ಪಕ್ಕದ ಉತ್ತ ಹೊಲಕ್ಕೆ ಇಳಿದರು. ಮುಂದಿನ ಗಾಲಿ ಬದುವಿಗೆ ಬಡಿದು ಯಂತ್ರ ಮಗುಚಿತು.

ಎಲ್ಲರೂ ಅತ್ತ ಓಡಿದರು. ನಾನು ಓಡಲಿಲ್ಲ. ನಾನು ನನ್ನ ಸ್ಕೂಟರಿನ ಹತ್ತಿರ ಹೋಗಿ ಡಿಕ್ಕಿ ತೆಗೆದು ನೋಡಿದೆ. ಎಣ್ಣೆಯ ಡಬ್ಬಿ ಅಲ್ಲೇ ಇತ್ತು. ಮುಚ್ಚಳದ ಸೀಲು ಒಡೆದಿರಲಿಲ್ಲ. ಅದನ್ನು ಮತ್ತೆ ಒಳಗಿಟ್ಟು, ಬೀಗ ಹಾಕಿ, ಆಮೇಲೆ ಓಡಿದೆ. ಅಣ್ಣನನ್ನು ಎತ್ತಿ ಕಾರಿಗೆ ಹಾಕುವಾಗ ನನ್ನ ಕೈಯೂ ಇತ್ತು ಎಂದು ಊರಿನವರು ಮೆಚ್ಚಿ ಹೇಳಿದರು. ಡಿಕ್ಕಿಗೆ ಬೀಗ ಹಾಕಿ ಬಂದ ಕೈ ಅದು.

ದಾವಣಗೆರೆಯ ಆಸ್ಪತ್ರೆಯಲ್ಲಿ ಅಣ್ಣನನ್ನು ಒಳಗೆ ಕರೆದೊಯ್ದರು. ತೊಡೆ ಮುರಿದಿತ್ತು. ವರಾಂಡದಲ್ಲಿ ಗಿರಣಿ ಸಾವ್ಕಾರರು ನನ್ನನ್ನು ಪಕ್ಕಕ್ಕೆ ಕರೆದು, ಏನಾತು ಎಂದು ಕೇಳಿದರು. ಹೇಳಿಬಿಡಬೇಕು ಎಂದೇ ಬಾಯಿ ತೆರೆದೆ. ಇದು ಸುಳ್ಳಲ್ಲ. "ಎಣ್ಣೆದು ವ್ಯತ್ಯಾಸ ಆತ್ರಿ..." ಎಂದೆ.

ಅವರ ಮುಖ ಕಪ್ಪಿಟ್ಟಿತು. ದನಿ ತಗ್ಗಿಸಿ ಕೇಳಿದರು.

"ಮುಂಜಾನೆನಾ?"

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ನಾನು ಪೆಟ್ರೋಲಿನ ಎಣ್ಣೆ ಹೇಳಿದ್ದೆ. ಅವರು ಸೀಸೆಯ ಎಣ್ಣೆ ಕೇಳಿಸಿಕೊಂಡಿದ್ದರು. ಅಲ್ರಿ, ಅದಲ್ರಿ ಎಂದಿದ್ದರೆ ಸಾಕಿತ್ತು. ಹಾಗೆಂದಿದ್ದರೆ ಮತ್ತ್ಯಾವ ಎಣ್ಣೆ ಎಂದು ಕೇಳುತ್ತಿದ್ದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ತಲೆ ಬಗ್ಗಿಸಿದೆ. ತಲೆ ಬಗ್ಗಿಸಿದರೆ ನಮ್ಮಲ್ಲಿ ಏನರ್ಥ ಎಂದು ನಿಮಗೆ ಹೇಳಬೇಕಾಗಿಲ್ಲ.

"ಲಿಂಗ ಕಟ್ಕೊಂಡು..." ಎಂದಷ್ಟೇ ಅಂದು ಅವರು ಹೊರಗೆ ಹೋದರು.

ಅಣ್ಣ ಮನೆಗೆ ಬರುವಷ್ಟರಲ್ಲಿ ಮಾತು ಅವರಿಗಿಂತ ಮೊದಲೇ ಹರಿಹರ ತಲುಪಿತ್ತು. ಮೀಟರ್ ಹಾಕ್ರಿ ಎನ್ನುತ್ತಿದ್ದವರು ಈಗ, ಗಾಡಿಗೆ ಎಣ್ಣೆ ಹಾಕಂದ್ರೆ ತಾವೇ ಹಾಕ್ಕೊಂಡ್ರು ಎಂದು ನಕ್ಕರು. ಅಣ್ಣ ನಮ್ಮ ಕಡೆಯ ಒಂದು ವಿದ್ಯಾರ್ಥಿಗಳ ಉಚಿತ ಪ್ರಸಾದ ನಿಲಯದ ಸಮಿತಿಯಲ್ಲಿದ್ದರು. ಹಿರಿಯರು ಮನೆಗೆ ಬಂದು, ಆರೋಗ್ಯ ಸುಧಾರಿಸಲಿ, ಸ್ವಲ್ಪ ದಿನ ದೂರ ಇರ್ರಿ ಎಂದು ಮೆತ್ತಗೆ ಹೇಳಿ ಹೋದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಅತ್ತಿಗೆಯ ತವರಿನ ಕಾರು ಮತ್ತೆ ಆ ಬಾಗಿಲಿಗೆ ಬರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ನಾನೊಬ್ಬನೇ ಇದ್ದಾಗ ಅತ್ತಿಗೆ ಬಂದರು. ಕೂಡ್ರಿ ಎಂದರೆ ಕೂರಲಿಲ್ಲ.

"ನೀನು ಪಕ್ಕದಾಗೇ ಇದ್ದಿ ತಮ್ಮಾ. ನಾನು ಬೇರೆ ಯಾರನ್ನೂ ಕೇಳಲ್ಲ. ಅವ್ರು ಅವತ್ತು ಕುಡಿದಿದ್ರಾ?"

"ನಾ ಅತ್ಲಾಗಿದ್ದೆ ಅತ್ತಿಗೆ. ನನಗೆ ಗೊತ್ತಾಗ್ಲಿಲ್ಲ," ಎಂದೆ.

ವರಾಂಡದಲ್ಲಿ ಭಯದಿಂದ ತಲೆ ಬಗ್ಗಿಸಿದ್ದೆ ಎಂದು ಹೇಗೋ ಸಮಾಧಾನ ಮಾಡಿಕೊಳ್ಳಬಹುದು. ಈ ಮಾತಿಗೆ ಯಾವ ಸಮಾಧಾನವೂ ಇಲ್ಲ. ಅತ್ತಿಗೆ ಸೆರಗು ಹೊದ್ದು ಹೊರಟರು.

ಕೋಲು ಹಿಡಿದು ಓಡಾಡುವಂತಾದ ಮೇಲೆ ಅಣ್ಣ ಎಂಜಿನ್ನನ್ನು ಮನೆಯ ಹಿತ್ತಲಿಗೆ ತರಿಸಿಕೊಂಡು ತಾವೇ ಬಿಚ್ಚಿದರು. ಆ ಸಂಜೆ ನನ್ನನ್ನು ಕರೆಸಿದರು. ಗೋಣಿಚೀಲದ ಮೇಲೆ ಪಿಸ್ಟನ್ನು ಇಟ್ಟಿದ್ದರು. ಮೈಯೆಲ್ಲ ಉದ್ದುದ್ದಕ್ಕೆ ಗೀರಿ ಹೋಗಿತ್ತು. ಅದನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಒಣಗೈತೆ ನೋಡು," ಎಂದರು.

ಎಣ್ಣೆ ಕಾಣದೆ ಬಿಸಿಯಾಗಿ ಕಚ್ಚಿಕೊಂಡ ಪಿಸ್ಟನ್ನು ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಬಜಾರಿನಲ್ಲಿ ಯಾರಿದ್ದರು? ಅಣ್ಣ ನನ್ನನ್ನು ನೋಡುತ್ತಾ ಕೂತಿದ್ದರು. ಸಿಟ್ಟಿರಲಿಲ್ಲ. ಕಾಯುತ್ತಿದ್ದರು. ಗಾಳಿ ಇಳಿಯಲಿ ಎಂದು ಹೊಲದಲ್ಲಿ ಕೂತು ಕಾಯುತ್ತಿದ್ದರಲ್ಲ, ಹಾಗೇ...

"ಬಂಕಿನವರು ಪೆಟ್ರೋಲಿಗೆ ಏನಾರ ಬೆರೆಸಿರಬೇಕಣ್ಣ," ಎಂದೆ.

ಅಣ್ಣ ನನ್ನ ಕೈಯಿಂದ ಪಿಸ್ಟನ್ನು ವಾಪಸ್ ತೆಗೆದುಕೊಂಡರು. ಚಿಂದಿಯಲ್ಲಿ ಒರೆಸಿ ಚೀಲದ ಮೇಲಿಟ್ಟರು.

"ಇರಬೌದು," ಎಂದರು. ಆಮೇಲೆ ಒಳಗೆ ತಿರುಗಿ, "ಇವನಿಗೊಂದು ಚಾ ಕೊಡು," ಎಂದು ಕೂಗಿದರು.

ಆ ಚಹಾ ಕುಡಿದೆ. ಅದನ್ನೂ ಹೇಳಿಬಿಡುತ್ತೇನೆ, ಪೂರ್ತಿ ಕುಡಿದೆ.

ತಾವು ಕುಡಿದಿರಲಿಲ್ಲ ಎಂದು ಸಾಧಿಸಲು ಅವರು ನನ್ನತ್ತ ಬೆರಳು ತೋರಿಸಬೇಕಿತ್ತು. ಸಾಯುವವರೆಗೂ ತೋರಿಸಲಿಲ್ಲ. ಅಂಗಡಿಗಳು ಅಕ್ಕಪಕ್ಕದಲ್ಲೇ ಇದ್ದವು, ದಿನವೂ ಮುಖ ನೋಡುತ್ತಿದ್ದೆವು. ಹಳದಿ ರೆಕ್ಕೆಯನ್ನು ಕತ್ತರಿಸಿ ಅಂಗಡಿಯ ಮುಂದೆ ಬಿಸಿಲಿಗೆ ಕಟ್ಟಿದರು. ಮಧ್ಯಾಹ್ನದ ಹೊತ್ತು ಅದರ ನೆರಳು ನನ್ನ ಮೆಟ್ಟಿಲ ಮೇಲೂ ಬೀಳುತ್ತಿತ್ತು. ಕೆಲವು ವರ್ಷಗಳಾದ ಮೇಲೆ ನಾನು ದಾವಣಗೆರೆಗೆ ಅಂಗಡಿ ಬದಲಿಸಿದೆ. ವ್ಯಾಪಾರಕ್ಕೆ ಎಂದು ಎಲ್ಲರಿಗೂ ಹೇಳಿದೆ. ಆ ನೆರಳು ತಡೆಯಲಾಗದೆ ಬಂದೆ.

ಅವರು ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತವರಲ್ಲಿ ಒಬ್ಬರು, ಒಳ್ಳೆ ಮನುಷ್ಯ, ಎಣ್ಣೆ ಹಾಕಿ ಆಟೋ ಹಾರಿಸಿದ್ದೊಂದು ಬಿಟ್ರೆ ಎಂದರು. ಪಕ್ಕದವರು ಮೆಲ್ಲಗೆ ನಕ್ಕರು. ನಾನು ಅವರಿಂದ ಎರಡು ಕುರ್ಚಿ ಆಚೆಗಿದ್ದೆ. ಅವತ್ತಾದರೂ ಏಳಬಹುದಿತ್ತು... ಏಳಲಿಲ್ಲ. ಇಷ್ಟು ವಯಸ್ಸಾದ ಮೇಲೂ ತಲೆ ತಾನಾಗಿಯೇ ಬಗ್ಗಿತು.

ಅತ್ತಿಗೆ ಇದ್ದಾರೆ. ಕಣ್ಣು ಮಂದವಾಗಿವೆಯಂತೆ, ಮನೆಯವರು ಪತ್ರಿಕೆ ಓದಿ ಹೇಳುತ್ತಾರಂತೆ. ಇದನ್ನೂ ಯಾರಾದರೂ ಓದಿ ಹೇಳಲಿ ಎಂದೇ ಬರೆಯುತ್ತಿದ್ದೇನೆ. ಅತ್ತಿಗೆ, ನೀವು ಅವತ್ತು ಕೇಳಿದ್ದಕ್ಕೆ ಉತ್ತರ ಈಗ ಕೊಡುತ್ತಿದ್ದೇನೆ. ಅವರು ಕುಡಿದಿರಲಿಲ್ಲ. ಎಂದೂ ಕುಡಿದವರಲ್ಲ. ಪೆಟ್ರೋಲಿಗೆ ಎಣ್ಣೆ ಹಾಕುವುದನ್ನು ನಾನು ಮರೆತೆ. ಹಾಕೀನಿ ಎಂದು ಅವರಿಗೆ ಹೇಳಿದವನೂ ನಾನೇ. ನೀವು ಸೆರಗು ಬಿಗಿದು ನಿಂತಿದ್ದು ನನಗೆ ನೆನಪಿದೆ. ಒಂದು ಸಲವಾದರೂ ನೀವು ಆ ಕೆರೆಯನ್ನು ಮೇಲಿನಿಂದ ನೋಡಬೇಕಿತ್ತು.

ಪಕ್ಕದ ಮನೆಯ ಸ್ಕೂಟರು ಈಗ ದಿನವೂ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ. ನೀಲಿ ಹೊಗೆ ನಮ್ಮ ಕಿಟಕಿಗೂ ಬರುತ್ತದೆ. ಮಗ ಕಿಟಕಿ ಹಾಕಲು ಹೋದರೆ ಬ್ಯಾಡ ಬಿಡು ಎನ್ನುತ್ತೇನೆ.

ಇಷ್ಟು ಬರೆದರೂ ಅವರನ್ನು ಅಣ್ಣ ಎಂದೇ ಕರೆದೆ. ಹೆಸರು ಹೇಳಲು ಬಾಯಿ ಬರಲಿಲ್ಲ. ಹೆಸರಿಲ್ಲದೆ ಮುಗಿಸಿದರೆ ಇದೂ ತಲೆ ಬಗ್ಗಿಸಿದಂತೆಯೇ ಆಗುತ್ತದೆ. ಹರಿಹರದಲ್ಲಿ ಟಾರ್ಪಾಲು ಅಂಗಡಿ ಇಟ್ಟಿದ್ದ, ಎಂಜಿನ್ನು ನಿಂತ ಮೇಲೂ ಗಾಬರಿಯಾಗದೆ ಇಳಿದ, ನನ್ನ ಒಂದು ಮಾತಿಗಾಗಿ ಒಣಗಿದ ಪಿಸ್ಟನ್ನು ಮುಂದಿಟ್ಟುಕೊಂಡು ಕಾದು ಕೂತಿದ್ದ ಆ ಮನುಷ್ಯನ ಹೆಸರು ಕೊಟ್ರಬಸಪ್ಪ.