ಗಾಜಿನ ಹುಳುಮನೆ

ನಮ್ಮದು ಮೀನು ಮಾಂಸ ಮುಟ್ಟದ ಮನೆ. ಹಾಗಾಗಿ ನಾನು ಉದ್ದನೆಯ ಗಾಜಿನ ತೊಟ್ಟಿಯೊಂದನ್ನು ಆಟೋದಲ್ಲಿ ತಂದು ಇಳಿಸಿದಾಗ ಅತ್ತೆಗೆ ಅನುಮಾನ ಬಂದದ್ದು ಸಹಜ.

"ಇದರೊಳಕ್ಕೆ ಏನ್ ಬುಡ್ತೀಯವ್ವ?"

"ಗಿಡ ಅತ್ತೆ. ನೀರೊಳಗೇ ಬೆಳೆಯೋ ಗಿಡ."

ಅತ್ತೆ ತೊಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಬತ್ತ ನೆಡ್ತೀಯಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತ ಅಡುಗೆಮನೆಯಿಂದ ಗೊಣಗಿದ್ದು ನನಗೆ ಕೇಳಲಿ ಎಂದೇ ಗೊಣಗಿದ್ದು.

ಕೊಳ್ಳೇಗಾಲದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ರವಿಕೆ ಹೊಲಿಯುತ್ತೇನೆ. ಸೂಜಿ ನೋಡಿ ನೋಡಿ ಕಣ್ಣು ಸೋತಾಗ ಮೊಬೈಲು ಹಿಡಿಯುವುದು ಅಭ್ಯಾಸ. ಅಂದರೆ ಸೋತ ಕಣ್ಣನ್ನು ಇನ್ನಷ್ಟು ಸೋಲಿಸುವುದು. ಹಾಗೆ ನೋಡುವಾಗ ಒಂದು ದಿನ ಗಾಜಿನೊಳಗೆ ಕಾಡು ಕಂಡಿತು. ಕಲ್ಲು ಜೋಡಿಸಿ ಬೆಟ್ಟ ಮಾಡಿದ್ದರು, ಒಣಬೇರು ನಿಲ್ಲಿಸಿ ಮರ ಮಾಡಿದ್ದರು, ಮರದ ಮೇಲೆ ಹಸಿರು ಪಾಚಿ, ನಡುವೆ ಬಿಳಿ ಮರಳಿನ ದಾರಿ. ಎಲ್ಲವೂ ನೀರಿನೊಳಗೆ. ನನಗೆ ಹೊಟ್ಟೆಕಿಚ್ಚಾಯಿತು. ನನಗೂ ಅಂಥದ್ದೊಂದು ಬೇಕು ಅನ್ನಿಸಿತು, ಅಷ್ಟೇ.

ಅತ್ತೆ ನಮ್ಮ ಜೊತೆಗೆ ಬಂದು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಕಾಮಗೆರೆಯ ಹತ್ತಿರದ ಹಳ್ಳಿಯಲ್ಲಿ ಜೀವಮಾನವಿಡೀ ರೇಷ್ಮೆ ಹುಳ ಸಾಕಿದವರು. ಅವರ ಹುಳುಮನೆ ಎಂದರೆ ದೇವರಮನೆಗಿಂತ ಒಂದು ಕೈ ಹೆಚ್ಚು. ಕೈಕಾಲು ತೊಳೆಯದೆ ಹೊಸ್ತಿಲು ದಾಟುವಂತಿಲ್ಲ, ಬೀಡಿ ಸೇದಿದ ಬಾಯಲ್ಲಿ ಹತ್ತಿರ ಸುಳಿಯುವಂತಿಲ್ಲ, ಹೊರಗಿನವರು ಇಣುಕುವಂತಿಲ್ಲ. ಮದುವೆಯಾದ ಹೊಸತರಲ್ಲಿ ಮಲ್ಲಿಗೆ ಮುಡಿದು ಒಳಗೆ ಕಾಲಿಟ್ಟ ನನ್ನನ್ನೂ ಮುಲಾಜಿಲ್ಲದೆ ಆಚೆ ಕಳಿಸಿದ್ದರು. ಒಂದು ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ ಗೋಡೆ, ನೆಲ, ತಟ್ಟೆ ಎಲ್ಲವನ್ನೂ ಉಜ್ಜಿ ತೊಳೆದು ಬಿಸಿಲಿಗೆ ಹಾಕದೆ ಮುಂದಿನ ಬೆಳೆ ತರುತ್ತಿರಲಿಲ್ಲ. ಸುತ್ತಲ ಮನೆಗಳಲ್ಲಿ ಹುಳಕ್ಕೆ ರೋಗ ಬಿದ್ದಾಗಲೂ ಅತ್ತೆಯ ಮನೆಯಲ್ಲಿ ಗೂಡು ಕಟ್ಟಿದ್ದುಂಟು.

ಆ ಪುಡಿ, ಹುಳದ ತಟ್ಟೆಗೆ ಉದುರಿಸುವ ಸುಣ್ಣದ ಧೂಳು, ಹುಳುಮನೆಯ ಆ ಗಾಳಿ ಎಲ್ಲ ಸೇರಿ ಎದೆಯಲ್ಲಿ ಉಬ್ಬಸ ಕೂತಿತು. ಒಂದು ಸಲ ಉಸಿರು ಸಿಕ್ಕದೆ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಯಿತು. ಇನ್ನು ಹುಳುಮನೆಗೆ ಕಾಲಿಟ್ಟರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ನಮ್ಮೆಲ್ಲರ ಎದುರೇ ಹೇಳಿದರು. ಮೈದುನ ಊರಲ್ಲಿ ಹುಳ ಮುಂದುವರಿಸಿದ. ಅತ್ತೆ ಇಲ್ಲಿಗೆ ಬಂದರು. ಬಂದದ್ದು ಮೈ ಮಾತ್ರ. ಬಟ್ಟೆಯ ಬ್ಯಾಗನ್ನು ಬಾಗಿಲ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಮೈದುನ ಫೋನು ಮಾಡಿದಾಗಲೆಲ್ಲ ಕೊನೆಗೆ ಎರಡೇ ಮಾತು: "ಮುಂದಿನ ಬೆಳೆಗೆ ಬತ್ತೀನಿ. ನನ್ ಸೊಪ್ಪಿನ ಕತ್ತೀನ ಯಾರೂ ಮುಟ್ಬೇಡಿ."

ಹಿಪ್ಪುನೇರಳೆ ಸೊಪ್ಪನ್ನು ಎಳೆಹುಳಕ್ಕೆ ಸಣ್ಣಗೆ ಕೊಚ್ಚುವ ಕತ್ತಿ ಅದು. ಮೈದುನನ ಹೆಂಡತಿ ಈಳಿಗೆಮಣೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದಳೇ ಹೊರತು ಅದನ್ನು ಮುಟ್ಟುವ ಧೈರ್ಯ ಮಾಡಿರಲಿಲ್ಲ. "ಅವ್ವ ಒಂದಿನ ಓಗೇ ಓಯ್ತದೆ. ಕಾಲಿಗೆ ಅಗ್ಗ ಕಟ್ಟಕ್ಕಾಯ್ತದಾ?" ಎಂದು ನಮ್ಮ ಮನೆಯವರು ಕೈ ಚೆಲ್ಲಿದ್ದರು. ನನಗೆ ಭಯವಾಗುತ್ತಿತ್ತು. ಅತ್ತೆಯನ್ನು ನಾನು ಆಗಲೇ ಇಷ್ಟಪಡತೊಡಗಿದ್ದೆ.

ತೊಟ್ಟಿಗೆ ಮಣ್ಣು ಬಂದದ್ದು ನನ್ನ ತವರು ಹೊನ್ನೂರಿನ ಗದ್ದೆಯಿಂದ. ಅಣ್ಣ ನಗುತ್ತಲೇ ಒಂದು ಚೀಲ ತುಂಬಿಸಿ ಬಸ್ಸಿಗೆ ಹಾಕಿದ. ಜರಡಿ ಹಿಡಿದು ಕೆಳಗೆ ಹರಡಿ, ಮೇಲೆ ತೊಳೆದ ಮರಳು ಹಾಸಿದೆ. ಹನೂರಿನ ಕಡೆ ಹೋದಾಗ ಬತ್ತಿದ ಹಳ್ಳದಲ್ಲಿ ಆರಿಸಿದ್ದ ಕಲ್ಲುಗಳನ್ನು ನಟ್ಟನಡುವೆ ಗುಪ್ಪೆ ಹಾಕಿದೆ. ಅತ್ತೆ ಹುರುಳಿ ಆರಿಸುತ್ತಾ ಓರೆಗಣ್ಣಲ್ಲಿ ನೋಡುತ್ತಲೇ ಇದ್ದರು. ಕೊನೆಗೆ ತಡೆಯಲಾಗದೆ ಎದ್ದು ಬಂದರು.

"ಇದೇನ್ ಸಮಾಧಿ ಕಟ್ಟೀಯಾ? ತಗಿ." ದೊಡ್ಡ ಕಲ್ಲನ್ನು ಎಡಮೂಲೆಗೆ ಸರಿಸಿ ಸ್ವಲ್ಪ ವಾಲಿಸಿದರು, ಅದರ ಬುಡಕ್ಕೆ ಚಿಕ್ಕವನ್ನು ಒತ್ತರಿಸಿದರು, ಬಲಗಡೆ ಬರಿದೇ ಬಿಟ್ಟರು. "ನಮ್ ಸೊಪ್ಪಿನ ತೋಟದಲ್ಲಿ ನಿಂತ್ರೆ ಗುಡ್ಡ ಇಂಗೇ ಕಾಣ್ತದೆ." ಆ ಗುಡ್ಡವನ್ನು ನಾನೂ ಎಷ್ಟೋ ಸಲ ನೋಡಿದ್ದೆ. ಅದೇ ಗುಡ್ಡ ಈಗ ಕಲ್ಲಿನಲ್ಲಿ ನಿಂತಿತ್ತು.

ಗಿಡ ನೆಡುವಾಗ ಮಾತ್ರ ನನ್ನ ಗದ್ದೆಬುದ್ಧಿ ಬಿಡಲಿಲ್ಲ. ಹೊನ್ನೂರು ಕಾಲುವೆಯ ಉದ್ದೆಲೆಯ ಹುಲ್ಲು, ಅಂಗಡಿಯಿಂದ ತಂದ ಅಗಲೆಲೆಯ ಪುಟ್ಟ ಗಿಡಗಳು, ಎಲ್ಲವನ್ನೂ ಹಿಂದಕ್ಕೆ ಸರಿಯುತ್ತಾ ಸಾಲಾಗಿ ನಾಟಿ ಹಾಕಿಬಿಟ್ಟಿದ್ದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಕ್ಕು ಕೆಮ್ಮಿದರು. "ನಾನ್ ಅವತ್ತೇ ಅಂದ್ನಲ್ಲಾ, ಬತ್ತ ನೆಡ್ತೀಯಾ ಅಂತ!" ಕಿತ್ತು ಚೆದುರಿಸಿ ನೆಟ್ಟೆ.

ಆಮೇಲೆ ಆ ಅಗಲೆಲೆಯ ಗಿಡಗಳು ಕೊಳೆಯತೊಡಗಿದವು. ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಕರಗಿ ಹೋದವು. ಬೇಸರದಲ್ಲಿ ಕಿತ್ತೆಸೆಯಲು ಕೈ ಹಾಕಿದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದರು. "ಜ್ವರಕ್ಕೆ ಕುಂತವೆ. ಮುಟ್ಬೇಡ." ರೇಷ್ಮೆ ಹುಳ ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು ತಲೆಯೆತ್ತಿ ಅಲುಗದೆ ಕೂರುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಮುಟ್ಟಿದವನು ಬೆಳೆ ಕೆಡಿಸಿದ ಹಾಗೆ. ಗಿಡಕ್ಕೂ ಹುಳಕ್ಕೂ ಎಲ್ಲಿಯ ಸಂಬಂಧ ಎಂದುಕೊಂಡೆ, ಆದರೂ ಬಿಟ್ಟೆ. ಸ್ವಲ್ಪ ದಿನದಲ್ಲಿ ಬುಡದಿಂದ ಹೊಸ ಚಿಗುರು ಬಂತು. ಅತ್ತೆಯ ಮಣೆ ಅಂದಿನಿಂದ ತೊಟ್ಟಿಯ ಮುಂದಕ್ಕೆ ಬಂತು.

ಮೀನು ಬೇಕೆಂದು ಕೇಳಿದವರೂ ಅವರೇ ಎಂದರೆ ನಮ್ಮ ನೆಂಟರು ನಂಬುವುದಿಲ್ಲ. "ಒಲ ಮಾಡಿ ದನ ಕಟ್ದೆ ಇದ್ರೆ ಎಂಗವ್ವ? ಏನಾರ ಓಡಾಡ್ಕಂಡಿರ್ಬೇಕು." ನಾಲ್ಕಾರು ಗಪ್ಪಿ ಮೀನು ತಂದೆ, ಜೊತೆಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕೆಂಪು ಸೀಗಡಿಗಳನ್ನು ತಂದೆ. ಸೀಗಡಿ ಎಂಬ ಮಾತನ್ನು ಅತ್ತೆ ಬಾಯಲ್ಲೂ ಆಡಲಿಲ್ಲ. "ಕೆಂಪುಳ" ಎಂದು ಹೆಸರಿಟ್ಟರು. ಮೀನನ್ನು ಅವರು ಅಷ್ಟಾಗಿ ನೋಡಲಿಲ್ಲ. ಪಾಚಿಯ ಮೇಲೆ ಕೂತು ಹಗಲೆಲ್ಲ ಮೇಯುತ್ತಿದ್ದ ಆ ಕೆಂಪುಳಗಳನ್ನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಒಂದು ಸೀಗಡಿಯ ಹೊಟ್ಟೆಯಡಿ ಮೊಟ್ಟೆ ಕಚ್ಚಿಕೊಂಡಿರುವುದನ್ನು ಕಂಡು ನನ್ನನ್ನು ಹೊಲಿಗೆ ಬಿಡಿಸಿ ಎಬ್ಬಿಸಿದವರೂ ಅವರೇ. ಊರಿಗೆ ಹೋಗುವ ಮಾತು ಕಡಿಮೆಯಾಯಿತು. ಬ್ಯಾಗು ಮಾತ್ರ ಬಾಗಿಲ ಬಳಿಯಿಂದ ಕದಲಲಿಲ್ಲ.

ಹೊನ್ನೂರಿನಲ್ಲಿ ಅಣ್ಣನ ಮಗಳ ಮದುವೆ. ಕೆಂಪುಳ ಬಿಟ್ಟು ಬರುವುದಿಲ್ಲ ಎಂದು ಅತ್ತೆ ಉಳಿದರು. ಮದುವೆ ಮುಗಿದ ಮೇಲೆ ಇನ್ನಷ್ಟು ಕೆಂಪುಳ ತರುತ್ತೇನೆ ಎಂದು ನಾನೇ ಹೇಳಿ ಹೋಗಿದ್ದೆ. ಹೊಸ ಹುಳ ಬರುತ್ತದೆಂದ ಮೇಲೆ ಅತ್ತೆ ಸುಮ್ಮನಿರುತ್ತಾರೆಯೇ?

ಮನೆಯ ಬಾಗಿಲಿಗೆ ಬಂದಾಗಲೇ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆಯಿತು. ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಗಿಡ, ಮೀನು, ಕೆಂಪುಳ ಎಲ್ಲವನ್ನೂ ಹಳೆ ನೀರಿನ ಸಮೇತ ಬಕೆಟ್ಟಿಗೆ ಹಾಕಿ, ಕಲ್ಲು, ಗಾಜು, ನೀರು ಸೋಸುವ ಸ್ಪಂಜು ಎಲ್ಲವನ್ನೂ ಉಜ್ಜಿ ತೊಳೆದು, ನಲ್ಲಿ ನೀರು ತುಂಬಿ, ಎಲ್ಲವನ್ನೂ ಮತ್ತೆ ಮೊದಲಿದ್ದಂತೆಯೇ ಜೋಡಿಸಿದ್ದರು. ಅತ್ತೆ ಗೋಡೆಗೊರಗಿ ಉಸಿರೆಳೆಯುವ ಪಂಪನ್ನು ಬಾಯಿಗಿಟ್ಟುಕೊಂಡು ಕೂತಿದ್ದರು. ಉಸಿರು ಸಿಕ್ಕಿದ ಮೇಲೆ ಅಂದ ಮೊದಲ ಮಾತು, "ನೋಡು, ಎಂಗೈತೆ?"

ಮೀನುಗಳು ನೀರಿನ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಕೆಂಪುಳಗಳು ಮರಳಿನ ಮೇಲೆ ಅಡ್ಡ ಬಿದ್ದಿದ್ದವು. ನನಗೆ ಸಿಟ್ಟು ನೆತ್ತಿಗೇರಿತ್ತು. ಅತ್ತೆ ನನ್ನ ಮುಖ ನೋಡಿ, ತೊಟ್ಟಿ ನೋಡಿ, ಅರ್ಥ ಮಾಡಿಕೊಂಡರು. ಮರುದಿನ ಬೆಳಿಗ್ಗೆ ಸತ್ತವನ್ನೆಲ್ಲ ಟೀ ಸೋಸುವ ಜಾಲರಿಯಲ್ಲಿ ಎತ್ತಿ, ಎಲೆಯಲ್ಲಿ ಕಟ್ಟಿ, ಹಿತ್ತಲಲ್ಲಿ ಗುಂಡಿ ತೋಡಿ ಹೂತರು. ಕೆಟ್ಟ ಬೆಳೆಯ ಹುಳವನ್ನು ಬಿಸಾಡುವುದಿಲ್ಲ, ಹೂಳುತ್ತಾರೆ. ಕೈ ತೊಳೆದು ಬಂದು ಮೈದುನನಿಗೆ ಫೋನು ಮಾಡಿಸಿದರು.

"ಬಂದು ಕರ್ಕಂಡೋಗ್ಲಾ. ನಂಗೊತ್ತಿರೋದು ನಮ್ ಉಳದ್ ಕೆಲ್ಸ ಒಂದೇ."

ಅವನು ಎಳೆಹುಳ ಬರುವ ವಾರದಲ್ಲಿ ಬಂದು ಕರೆದೊಯ್ಯುತ್ತೇನೆ ಎಂದ. ಬೇಡವೆನ್ನಲು ಅವನಿಗೂ ಬಾಯಿ ಬರಲಿಲ್ಲ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಸತ್ತ ಮೀನಿಗಾಗಿ ನಾನು ಅತ್ತೆಯನ್ನು ಕಳೆದುಕೊಳ್ಳಲು ತಯಾರಿರಲಿಲ್ಲ.

ಪಕ್ಕದಲ್ಲಿ ಕೂತು ಹೇಳಿದೆ: "ಅತ್ತೆ, ಆ ಪುಡಿ ಮೀನಿಗೆ ವಿಷ. ಅದೂ ಅಲ್ಲದೆ ಆ ಸ್ಪಂಜಿನಲ್ಲಿದ್ದ ಕೊಳೆ ಹೆಪ್ಪು ಇದ್ದ ಹಾಗೆ. ಪಾತ್ರೆ ತೊಳೆಯೋ ಭರದಲ್ಲಿ ಹೆಪ್ಪಿನ ಮೊಸರನ್ನೂ ಚೆಲ್ಲಿಬಿಟ್ರೆ ನಾಳೆ ಹಾಲು ಹೆಂಗೆ ಹೆಪ್ಪಾಗ್ತದೆ? ಮೀನಿನ ಹೊಲಸನ್ನ ತಿಂದು ನೀರು ಸರಿ ಇಡೋ ಜೀವ ಎಲ್ಲ ಆ ಕೊಳೇಲೇ ಇರೋದು."

ಅತ್ತೆ ತಾವು ತೊಳೆದಿಟ್ಟ ಸ್ಪಂಜನ್ನು ನೋಡಿದರು. ಕೊಳೆ ಎಂಬುದರ ಮೇಲೆ ಜೀವಮಾನವಿಡೀ ಯುದ್ಧ ಮಾಡಿದ ಹೆಂಗಸು ಅವರು. "ಅಂಗಂದ್ರೆ ಕೊಳೇನೂ ಸಾಕ್ಬೇಕು ಅನ್ನು," ಎಂದರು. ಸೆರಗು ಹೊದ್ದು ಎದ್ದು, "ಎಪ್ಪು ಎಲ್ಲಿ ಸಿಗ್ತದೆ?"

ಸಾಕುಮೀನು ಮಾರುವ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ತನ್ನ ತೊಟ್ಟಿಯಿಂದ ಕಂದು ಲೋಳೆ ಸುರಿಯುವ ಹಳೆಯ ಸ್ಪಂಜೊಂದನ್ನು ತೆಗೆದುಕೊಟ್ಟ. ಅತ್ತೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಿಸಿಲು ತಾಗದಂತೆ ಸೆರಗು ಮರೆಮಾಡಿ, ಎಳೆಹುಳದ ತಟ್ಟೆ ಒಯ್ಯುವ ನಡಿಗೆಯಲ್ಲಿ ಬೀದಿಯುದ್ದಕ್ಕೂ ನಡೆದರು. ಆ ವಯಸ್ಸಿನಲ್ಲಿ, ತನ್ನನ್ನು ಒಮ್ಮೆಯೂ ಕೈಬಿಡದ ನಂಬಿಕೆಯೊಂದನ್ನು ಬೆಳಗಾಗುವಷ್ಟರಲ್ಲಿ ತಿರುವಿ ಹಾಕಲು ಎಷ್ಟು ಜನರಿಗಾಗುತ್ತದೆ? ನನಗಂತೂ ಆಗುವುದಿಲ್ಲ. ಹಿಂದೆ ಹಿಂದೆ ನಡೆಯುತ್ತಿದ್ದ ನನಗೆ ಅವರ ಮೇಲೆ ಅಭಿಮಾನ ಉಕ್ಕಿ ಬಂತು.

ಮನೆಗೆ ಬಂದಾಗ ಇನ್ನೊಂದು ಆಶ್ಚರ್ಯ ಕಾದಿತ್ತು. ಗಿಡ ಎತ್ತಿಟ್ಟಿದ್ದ ಬಕೆಟ್ಟಿನ ತಳದಲ್ಲಿ ಪಾಚಿಯ ಒಂದು ಉಂಡೆ ಮರೆತು ಉಳಿದಿತ್ತು. ಹಳೆಯ ನೀರಿನಲ್ಲೇ ಇದ್ದದ್ದರಿಂದ ಅದನ್ನು ಕಚ್ಚಿಕೊಂಡಿದ್ದ ಕೆಲವು ಕೆಂಪುಳ ಬದುಕಿದ್ದವು. ಅದರಲ್ಲಿ ಮೊಟ್ಟೆ ಹೊತ್ತದ್ದೂ ಇತ್ತು. ಅತ್ತೆ ಬಕೆಟ್ಟನ್ನು ನೆರಳಿಗೆ ಸರಿಸಿ, "ಅವ್ರವ್ರ ಪುಣ್ಯ," ಎಂದರು. ತೊಟ್ಟಿಯ ನೀರು ಬದಲಿಸಿ, ಹಳೆ ಸ್ಪಂಜು ಇಟ್ಟು, ವಾಸನೆ ಪೂರ್ತಿ ಹೋಗುವವರೆಗೂ ಕಾದು, ಕೊನೆಗೆ ಪಾಚಿಯುಂಡೆಯನ್ನು ಇಳಿಬಿಟ್ಟರು. ಗಾಜಿನ ಮೇಲೆ ಕಂದು ಕಲೆ ಕಟ್ಟತೊಡಗಿದಾಗ ಅವರ ಕೈ ತವಕಿಸುವುದು ನನಗೆ ಕಾಣುತ್ತಿತ್ತು. ಒರೆಸಲಿಲ್ಲ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದರು. ಊರಿಗೆ ಹೋಗುವ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೈದುನ ಹೇಳಿದ ವಾರಕ್ಕೇ ಬಂದ. ಗೇಟಿನ ಬಳಿ ಬೈಕು ನಿಲ್ಲಿಸಿದ ಸದ್ದಾಯಿತು. ಬಾಗಿಲಲ್ಲಿದ್ದ ಬ್ಯಾಗನ್ನು ಕೈಗೆತ್ತಿಕೊಂಡು ಹೊಸ್ತಿಲ ಮೇಲೆ ಕಾಲಿಟ್ಟನಷ್ಟೆ, ತೊಟ್ಟಿಯ ಮುಂದಿನ ಮಣೆಯಿಂದ ಗುಡುಗು ಬಂತು.

"ನಿಂತ್ಕಳ್ಲಾ ಅಲ್ಲೇ! ಬೀಡಿ ಸೇದ್ಬುಟ್ಟು ಅಂಗೇ ನುಗ್ತೀಯಾ? ಕೈಕಾಲು ತೊಳ್ಕಂಡ್ ಬಾ!"

ಮೈದುನ ಅಲ್ಲೇ ನಿಂತ. ಮಗುವಾಗಿದ್ದಾಗಿನಿಂದ ಆ ಗುಡುಗನ್ನು ಅವನು ಕೇಳಿದ್ದು ಒಂದೇ ಒಂದು ಬಾಗಿಲಲ್ಲಿ. ನನ್ನ ಮುಖ ನೋಡಿದ. ನಲ್ಲಿಯ ಹತ್ತಿರ ಹೋಗಿ ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ ಬಂದು ಅವ್ವನ ಪಕ್ಕ ಕುಕ್ಕುರುಗಾಲಲ್ಲಿ ಕೂತ. ಪಾಚಿಯ ಮೇಲೆ ಸಾಸಿವೆಗಿಂತ ಸಣ್ಣ ಮರಿಗಳು, ಕಣ್ಣು ಹೊಂದಿಸಿಕೊಂಡರೆ ಮಾತ್ರ ಕಾಣುವಂಥವು, ಹರಿದಾಡುತ್ತಿದ್ದವು.

"ಎಳೆ ಉಳ ಇದ್ದಂಗೇ ಅವಲ್ಲವ್ವ," ಎಂದ.

"ಉಸ್ರು ಮೆತ್ಗೆ ಬುಡು. ಎದ್ರಿಕತ್ತವೆ."

ಸ್ವಲ್ಪ ಹೊತ್ತಿನ ಮೇಲೆ ಮೈದುನ ಎದ್ದು, ಆ ಬ್ಯಾಗನ್ನು ಒಯ್ದು ಒಳಗಿನ ಕೋಣೆಯ ಮೊಳೆಗೆ ನೇತುಹಾಕಿದ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ, "ಅಂಗಾರೆ ಈ ಬೆಳೆ ಉಳ ನಾನೇ ತಟ್ಟೆಗ್ ಇಳಿಸ್ಕಳ್ಲಾ ಅವ್ವ?"

ಅತ್ತೆ ತೊಟ್ಟಿಯಿಂದ ಕಣ್ಣು ಕೀಳಲಿಲ್ಲ.

"ಇಳಿಸ್ಕೊ. ಒದ್ದೆ ಸೊಪ್ಪು ಆಕ್ಬೇಡ." ಆಮೇಲೆ ಅಂದರು, "ಆ ಕತ್ತೀನ ನಿನ್ ಎಂಡ್ತಿಗ್ ಕೊಡು."