ಅವ್ವನ ಎಡೆಗೆ ಕರ್ಚೀಕಾಯಿ

ಬಸು, ಅವ್ವನಿಗೆ ಕರ್ಚೀಕಾಯಿ ಅಂದರೆ ಪ್ರಾಣ ಎಂದು ನಾನು ಹೇಳಿದ್ದು ಸುಳ್ಳು. ಪ್ರತಿ ವರ್ಷ ಹಿರಿಯರ ಪೂಜೆಗೆ ನೀನು ಅವಳ ಫೋಟೋದ ಮುಂದೆ ಅದನ್ನೇ ಎಡೆ ಇಡುತ್ತೀಯ, ನಾನು ಪಕ್ಕದಲ್ಲಿ ಕೂತು ಕೈ ಮುಗಿಯುತ್ತೇನೆ — ನಾಚಿಕೆಗೇಡು.

ಅವ್ವ ತೀರಿಕೊಂಡ ವರ್ಷ ನನಗೆ ಒಂಬತ್ತು, ನಿನಗೆ ಎರಡೂವರೆ. ದಾಂಡೇಲಿಯ ಕ್ವಾರ್ಟರ್ಸಿನಲ್ಲಿ ಅವಳ ಮೊದಲ ಪೂಜೆ. ಅಡುಗೆಗೆಂದು ಹಳಿಯಾಳದಿಂದ ಸೋದರತ್ತೆ ಬಂದಿದ್ದಳು. ಸತ್ತವರಿಗೆ ಇಷ್ಟವಾದದ್ದನ್ನೇ ಎಡೆ ಇಡಬೇಕಲ್ಲ — ಒಲೆ ಹಚ್ಚುವ ಮೊದಲು ಅಪ್ಪನನ್ನು ಕೇಳಿದಳು.

"ಅಣ್ಣಾ, ವೈನಿಗೆ ಏನ್ ಭಾಳ ಸೇರ್ತಿತ್ತು?"

ಅಪ್ಪ ತಲೆ ಕೆರೆದುಕೊಂಡ. "ಅಕಿ... ಎಲ್ಲಾ ಉಣತಿದ್ಲಲ್ಲವಾ."

ಹನ್ನೆರಡು ವರ್ಷ ಅವಳ ಕೈಯಡುಗೆ ಉಂಡವನಿಗೆ ಅಷ್ಟೂ ಗೊತ್ತಿರಲಿಲ್ಲ. ನನಗೆ ಸಿಟ್ಟು ಬಂತು. ಆದರೆ ನನಗಾದರೂ ಎಲ್ಲಿ ಗೊತ್ತಿತ್ತು? ಅವ್ವ ಹೋದ ಮೇಲೆ ಮನೆಯಲ್ಲಿ ಯಾರೂ ಸಿಹಿ ಮಾಡಿರಲಿಲ್ಲ, ನನ್ನ ಬಾಯಲ್ಲಿ ನೀರೂರುತ್ತಿತ್ತು. "ಕರ್ಚೀಕಾಯಿ" ಅಂದುಬಿಟ್ಟೆ. ಅತ್ತೆ ಕಣ್ಣೊರೆಸಿಕೊಂಡು ಕೊಬ್ಬರಿ ತುರಿಯಲು ಕೂತಳು.

ಅವ್ವ ಕರ್ಚೀಕಾಯಿ ಕರಿಯುತ್ತಿದ್ದಳು, ತಿನ್ನುತ್ತಿರಲಿಲ್ಲ. "ಸಿಹಿ ನನಗ ಸೇರಂಗಿಲ್ಲ" ಅನ್ನುತ್ತಿದ್ದಳು. ನಿಜಕ್ಕೂ ಸೇರುತ್ತಿರಲಿಲ್ಲವೋ, ನಮಗೆ ಸಾಲದು ಎಂದು ಹಾಗೆನ್ನುತ್ತಿದ್ದಳೋ — ಈಗ ನನ್ನ ಮಕ್ಕಳ ಮುಂದೆ ನಾನೂ ಅದನ್ನೇ ಅನ್ನುವಾಗ ಏನೊಂದೂ ತಿಳಿಯದಾಗುತ್ತದೆ. ಹಾಗಾದರೆ ನಾನು ಹೇಳಿದ್ದೇ ನಿಜವಿತ್ತೇ? ಹಾಗೆಂದುಕೊಂಡು ಹಾಯಾಗಿರಲು ನೋಡಿದೆ. ಆಗಲಿಲ್ಲ. ನಾನು ಅವಳನ್ನು ನೆನೆದು ಹೇಳಿರಲಿಲ್ಲ, ನನ್ನ ಬಾಯಿಚಪಲಕ್ಕೆ ಹೇಳಿದ್ದೆ.

ಈ ಸಲ ಮುಂಡಗೋಡಿನ ನಿನ್ನ ಮನೆಯಲ್ಲಿ ಎಡೆ ಇಟ್ಟು ಎದ್ದವನೇ ನೀನು ಹೆಂಡತಿಗೆ ಹೇಳಿದೆ —

"ಅವ್ವಂದು ಬ್ಯಾರೆ ಏನೂ ನೆನಪಿಲ್ಲ ನನಗ. ಅಕಿ ಮಾರಿನೂ ನೆನಪಿಲ್ಲ. ಕರ್ಚೀಕಾಯಿ ಮುರದು ನನ್ನ ಬಾಯಾಗ ಇಟ್ಟ ಕೈ ಅಷ್ಟ ನೆನಪೈತಿ. ಹೌದಲ್ಲ ಅಕ್ಕಾ?"

"ಹೌದು" ಅಂದೆ. ಒಂಬತ್ತು ವರ್ಷದ ಹುಡುಗಿಯಲ್ಲ, ನಲವತ್ತು ದಾಟಿದವಳು ಅಂದೆ.

ಅಂದಿನಿಂದ ತಲೆ ಕೆಟ್ಟುಹೋಗಿದೆ. ಹೇಳಿದರೆ ನಿನ್ನ ಹತ್ತಿರ ಉಳಿದಿರುವ ಅಷ್ಟು ಅವ್ವನನ್ನೂ ಕಿತ್ತುಕೊಂಡಂತೆ. ಹೇಳದಿದ್ದರೆ — ಏನಾಗುತ್ತದೆ, ಏನೂ ಆಗುವುದಿಲ್ಲ, ನೀನು ಸುಖವಾಗಿಯೇ ಇರುತ್ತೀಯ. ಹೀಗೆ ಅಂದುಕೊಂಡೇ ಇಷ್ಟು ವರ್ಷ ಕಳೆದೆ.

ಆ ಪೂಜೆಯ ದಿನ ಅವ್ವ ಬೇಕೆಂದು ನೀನು ಒಂದೇ ಸಮನೆ ಅಳುತ್ತಿದ್ದೆ. ಯಾರ ಸಮಾಧಾನವೂ ನಡೆಯಲಿಲ್ಲ. ಎಡೆಯಿಂದ ಒಂದು ಕರ್ಚೀಕಾಯಿ ಯಾರಿಗೂ ಕಾಣದಂತೆ ಎತ್ತಿಕೊಂಡು, ನಿನ್ನನ್ನು ಹಿಂಬಾಗಿಲಿಗೆ ಕರೆದೊಯ್ದೆ. ಮುರಿದು ಅರ್ಧ ನಾನು ತಿಂದೆ, ಅರ್ಧ ನಿನ್ನ ಬಾಯಿಗಿಟ್ಟೆ. ನೀನು ಅಳು ನಿಲ್ಲಿಸಿದೆ.

ಆ ಕೈ ನನ್ನದು, ಬಸು.